ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (ಜುಲೈ 17, 1837 – ಜುಲೈ 10, 1927) ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮೊದಲ ನಿರ್ದೇಶಕರು, ಶಾಸನತಜ್ಞರು, ಇತಿಹಾಸಕಾರರು ಮತ್ತು ಶಿಕ್ಷಣಾಧಿಕಾರಿ. ಬಿ. ಎಲ್. ರೈಸ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರು ಸಂಸ್ಥಾನದ ಪ್ರತಿ ತಾಲ್ಲೂಕಿನ ಶಾಸನಗಳನ್ನು ಸಮೀಕ್ಷೆ ಮಾಡಿಸಿ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ 12 ಸಂಪುಟಗಳ ಮಾಲೆಯಲ್ಲಿ ಪ್ರಕಟಿಸಿದರು. ಈ ಸಂಪುಟಗಳಲ್ಲಿ ಒಟ್ಟು ಸುಮಾರು 9 ಸಾವಿರ ಶಾಸನಗಳಿವೆ. ಕನ್ನಡ ನಾಡಿನಲ್ಲಿ ಇವರನ್ನು ಶಾಸನ ಪಿತಾಮಹರೆಂದು ಗೌರವಿಸಲಾಗುತ್ತದೆ. ಹರಿಹರದ ದೇವಾಲಯದ ಶಾಸನಗಳು, ದಾವಣಗೆರೆ ತಾಲ್ಲೂಕಿನ ಆನಗೋಡು, ಆಣಜಿ, ಬೇತೂರು ಸೀಮೆಯ ಇತಿಹಾಸ ಹಾಗೂ ಚಿತ್ರದುರ್ಗ ಸೀಮೆಯ ಅಶೋಕನ ಶಾಸನಗಳು ವಿದ್ವತ್ ಲೋಕಕ್ಕೆ ಪರಿಚಯವಾದದ್ದು ಬಹುಮಟ್ಟಿಗೆ ಇವರ ಕೆಲಸದಿಂದ.

ಜನನ ಮತ್ತು ಮನೆತನ

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ ಸಂಸ್ಥೆಯ ಪಾದ್ರಿಯಾಗಿ ಬೆಂಗಳೂರಿನಲ್ಲಿ ಸುಮಾರು ಐವತ್ತು ವರ್ಷ ಕೆಲಸ ಮಾಡಿದವರು, ಕನ್ನಡವನ್ನು ಚೆನ್ನಾಗಿ ಬಲ್ಲವರು. ಹೀಗಾಗಿ ಕನ್ನಡವು ಮಗನಿಗೆ ನೌಕರಿಗೆಂದು ಕಲಿತ ಭಾಷೆಯಾಗದೆ ಬಾಲ್ಯದಿಂದಲೇ ಕಿವಿಗೆ ಬಿದ್ದ ಭಾಷೆಯಾಯಿತು. ಆ ಕಾಲದ ಇತರ ಬ್ರಿಟಿಷ್ ಅಧಿಕಾರಿಗಳಿಗೂ ಇವರಿಗೂ ಇದ್ದ ಮುಖ್ಯ ವ್ಯತ್ಯಾಸ ಇದೇ. ಇವರ ಸಹೋದರ ಎಡ್ವರ್ಡ್ ಪಿ. ರೈಸ್ ಅವರೂ ಕನ್ನಡ ವಿದ್ವಾಂಸರು. ಅವರು ಇಂಗ್ಲಿಷ್‌ನಲ್ಲಿ ಬರೆದ ಕನ್ನಡ ಸಾಹಿತ್ಯ ಚರಿತ್ರೆ 1915ರಲ್ಲಿ ಪ್ರಕಟವಾಯಿತು. ಇಬ್ಬರ ಹೆಸರುಗಳನ್ನು ಒಂದಕ್ಕೊಂದು ಬದಲಾಗಿ ಬಳಸುವ ತಪ್ಪು ಅಲ್ಲಲ್ಲಿ ಕಂಡುಬರುತ್ತದೆ.

ಶಿಕ್ಷಣ ಇಲಾಖೆಯಲ್ಲಿ

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ರೈಸ್ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ನೇಮಕಗೊಂಡರು. ಇದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1865ರಲ್ಲಿ ಅವರು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು. ಅನಂತರ ಜಾನ್ ಗ್ಯಾರೆಟ್ ಅವರ ಸ್ಥಾನದಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕರಾದರು. ಪ್ರತಿ ಹೋಬಳಿಗೂ ಒಂದು ಶಾಲೆ ಇರಬೇಕೆಂಬ ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಇವರಿಂದ ರೂಪುಗೊಂಡಿತು. ಗ್ರಾಮಾಂತರ ಪ್ರದೇಶದಲ್ಲಿ ಸರ್ಕಾರಿ ಶಾಲೆಗಳು ಹರಡಲು ಇದು ಕಾರಣವಾಯಿತು. 1881ರ ಜನಗಣತಿಯ ಹೊಣೆಯನ್ನೂ ಇವರು ನಿರ್ವಹಿಸಿದರು.

ಶಾಲಾ ತನಿಖೆಯ ಕೆಲಸ ರೈಸ್ ಅವರನ್ನು ಸಂಸ್ಥಾನದ ಮೂಲೆಮೂಲೆಗೆ ಕರೆದೊಯ್ದಿತು. ಊರ ಮುಂದಿನ ಕಟ್ಟೆ, ಕೆರೆಯ ಏರಿ, ಪಾಳುಬಿದ್ದ ಗುಡಿಯ ಅಂಗಳ, ಹೀಗೆ ಎಲ್ಲೆಡೆ ಅಕ್ಷರ ಕೆತ್ತಿದ ಕಲ್ಲುಗಳಿದ್ದವು. ಇವುಗಳಲ್ಲಿ ಬಹಳಷ್ಟನ್ನು ಆ ಊರಿನವರು ಓದಲಾರದವರಾಗಿದ್ದರು. ಲಿಪಿಯ ರೂಪ ಬದಲಾಗಿತ್ತು, ಭಾಷೆ ಹಳಗನ್ನಡವಾಗಿತ್ತು. ಕೆಲವೆಡೆ ಕಲ್ಲುಗಳು ಮೆಟ್ಟಿಲಾಗಿ, ಒಗೆಯುವ ಬಂಡೆಯಾಗಿ, ತೂಬಿನ ಚಪ್ಪಡಿಯಾಗಿ ಸವೆಯುತ್ತಿದ್ದವು. ಆಡಳಿತಾಧಿಕಾರಿಯೊಬ್ಬರು ಶಾಸನತಜ್ಞರಾಗಿ ಮಾರ್ಪಟ್ಟದ್ದಕ್ಕೆ ಈ ಪ್ರವಾಸಗಳ ಹಿನ್ನೆಲೆಯಿದೆ.

ಛಾಯಾಚಿತ್ರಗಳಿಂದ ಮೊದಲಾದ ಕೆಲಸ

ಮೈಸೂರಿನ ಶಾಸನಗಳ ವ್ಯವಸ್ಥಿತ ದಾಖಲಾತಿ ಆರಂಭವಾದದ್ದು ಕ್ಯಾಮೆರಾದ ಮೂಲಕ. ಬೌರಿಂಗ್ ಕಮಿಷನರ್ ಆಗಿದ್ದ ಕಾಲದಲ್ಲಿ, 1865ರಲ್ಲಿ, ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಚಿತ್ರದುರ್ಗ, ದಾವಣಗೆರೆ, ಹರಿಹರ, ಬಳ್ಳಿಗಾವೆ ಮುಂತಾದ ಕಡೆಗಳ ಶಾಸನಗಳು ಇವುಗಳಲ್ಲಿದ್ದವು. ಚಿತ್ರಗಳೇನೋ ಸಿದ್ಧವಾದವು, ಆದರೆ ಅವುಗಳನ್ನು ಓದಿ ಅರ್ಥ ಹೇಳುವ ಕೆಲಸ ಉಳಿದಿತ್ತು. ಅದು ರೈಸ್ ಅವರ ಪಾಲಿಗೆ ಬಂತು.

ಅಂದಿನ ಸಂದರ್ಭದಲ್ಲಿ ಇದು ಎಷ್ಟು ಕಷ್ಟದ ಕೆಲಸವಾಗಿತ್ತೆಂಬುದನ್ನು ಇಂದಿನ ಓದುಗರು ಸುಲಭವಾಗಿ ಊಹಿಸಲಾರರು. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಗಲು 1894ರವರೆಗೆ ಕಾಯಬೇಕಿತ್ತು. ಹಳಗನ್ನಡದ ಪ್ರಾಚೀನ ಕಾವ್ಯಗಳು ಇನ್ನೂ ಓಲೆಗರಿಗಳಲ್ಲೇ ಇದ್ದವು. ರಾಜವಂಶಗಳ ಕಾಲಾನುಕ್ರಮ ಗೊತ್ತಾಗಬೇಕಾದರೆ ಈ ಶಾಸನಗಳನ್ನೇ ಓದಬೇಕಾಗಿತ್ತು, ಶಾಸನಗಳನ್ನು ಸರಿಯಾಗಿ ಓದಬೇಕಾದರೆ ರಾಜವಂಶಗಳ ಪರಿಚಯ ಬೇಕಾಗಿತ್ತು. ಪಂಡಿತರ ನೆರವಿನಿಂದ ನಡೆದ ಈ ಪ್ರಯತ್ನದ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಹೊರಬಂತು.

ಇದೇ ಅವಧಿಯಲ್ಲಿ ರೈಸ್ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್‌ಗಳನ್ನು ಸಿದ್ಧಪಡಿಸಿದರು. ಮೈಸೂರು ಗ್ಯಾಸೆಟಿಯರ್‌ನ ಪರಿಷ್ಕೃತ ಆವೃತ್ತಿ 1897ರಲ್ಲಿ ಬಂತು. ದಾವಣಗೆರೆಯ ಬೆಳವಣಿಗೆಯ ಕುರಿತ ಅದರ ವಿವರ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಹೈದರ್ ಅಲಿಯು ದಾವಣಗೆರೆಯನ್ನು ಮರಾಠಾ ನಾಯಕ ಅಪ್ಪಾಜಿ ರಾಮನಿಗೆ ಜಹಗೀರಾಗಿ ಕೊಟ್ಟದ್ದು, ಅವನು ವರ್ತಕರನ್ನು ಕರೆದು ನೆಲೆಗೊಳಿಸಿದ್ದು, ಸಣ್ಣ ಊರು ವ್ಯಾಪಾರಸ್ಥಳವಾಗಿ ಬೆಳೆದದ್ದು ಅದರಲ್ಲಿ ಬರುತ್ತದೆ. ಹರಿಹರದ ಬಳಿ ತುಂಗಭದ್ರೆಗೆ ಕಲ್ಲು ಮತ್ತು ಇಟ್ಟಿಗೆಯಿಂದ ಕಟ್ಟಿ 1868ರಲ್ಲಿ ಮುಗಿಸಿದ ಸೇತುವೆಯ ದಾಖಲೆಯೂ ಅದರಲ್ಲಿದೆ. ಆ ಸೇತುವೆಗೆ 60 ಅಡಿ ಅಗಲದ 14 ಕಮಾನುಗಳಿದ್ದು, ಸುಮಾರು 3 ಲಕ್ಷ ರೂಪಾಯಿ ವೆಚ್ಚವಾಗಿತ್ತು. ಬೆಂಗಳೂರಿನಿಂದ ಧಾರವಾಡದ ಕಡೆಗೆ ಹೋಗುವ ಹೆದ್ದಾರಿ ಇದರ ಮೇಲೆ ಸಾಗುತ್ತಿತ್ತು.

ಪುರಾತತ್ತ್ವ ಇಲಾಖೆ ಮತ್ತು ಸಮೀಕ್ಷೆ

ಮೈಸೂರು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ 1885ರಲ್ಲಿ ಸ್ಥಾಪನೆಯಾಯಿತು. ಮೊದಲು ಇತರ ಹುದ್ದೆಗಳ ಜೊತೆಗೇ ಅದರ ಹೊಣೆ ಹೊತ್ತ ರೈಸ್ 1890ರಿಂದ ಪೂರ್ಣಾವಧಿ ನಿರ್ದೇಶಕರಾದರು. ಕೊಡಗಿನ ಶಾಸನಗಳ ಸಂಪುಟ 1886ರಲ್ಲಿ, ಶ್ರವಣಬೆಳಗೊಳದ ಸಂಪುಟ 1889ರಲ್ಲಿ ಪ್ರಕಟವಾದವು. ಉಳಿದ 10 ಸಂಪುಟಗಳು 1894ರಿಂದ 1905ರವರೆಗೆ ಒಂದೊಂದಾಗಿ ಬಂದವು.

ಕೆಲಸದ ಕ್ರಮ ಸರಳವಾಗಿತ್ತು, ಆದರೆ ಅಪಾರ ಶ್ರಮ ಬೇಡುತ್ತಿತ್ತು. ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು ಅಕ್ಷರದ ತಗ್ಗುಗಳಿಗೆ ಕಾಗದ ಇಳಿಯುವಂತೆ ಮಾಡಿ, ಮಸಿ ಹಚ್ಚಿ ಅಚ್ಚು ತೆಗೆಯಲಾಗುತ್ತದೆ. ಅಚ್ಚಿನಲ್ಲಿ ಅಕ್ಷರಗಳು ಬಿಳಿಯಾಗಿಯೂ ಕಲ್ಲಿನ ಮೈ ಕಪ್ಪಾಗಿಯೂ ಮೂಡುತ್ತವೆ. ಅನಂತರ ಪಂಡಿತರು ಅದನ್ನು ಓದಿ ಪಾಠವನ್ನು ನಿರ್ಣಯಿಸಬೇಕು. ಸಂಪುಟಗಳಲ್ಲಿ ಪ್ರತಿ ಶಾಸನದ ಪಾಠವನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಕೊಟ್ಟು, ಇಂಗ್ಲಿಷ್ ಅನುವಾದ ಮತ್ತು ದೀರ್ಘ ಐತಿಹಾಸಿಕ ಪೀಠಿಕೆಯನ್ನು ಸೇರಿಸಲಾಗಿದೆ. ಪ್ರತಿ ತಾಲ್ಲೂಕಿಗೂ ಪ್ರತ್ಯೇಕ ಕ್ರಮಸಂಖ್ಯೆಯಿದೆ. ದೊಡ್ಡ ದಾನಶಾಸನಗಳ ಜೊತೆಗೆ ಊರ ದನಗಳಿಗಾಗಿ ಹೋರಾಡಿ ಸತ್ತವನ ವೀರಗಲ್ಲು, ಸತಿಯ ಕಲ್ಲು, ಒಂದೆರಡು ಸಾಲಿನ ತುಣುಕುಗಳು ಕೂಡ ಅದೇ ಸಾಲಿನಲ್ಲಿ ಸಂಖ್ಯೆ ಪಡೆದಿವೆ. ರಾಜರ ಶಾಸನಗಳಷ್ಟನ್ನೇ ಆಯ್ದುಕೊಂಡಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಹಳ್ಳಿಗಳ ಚರಿತ್ರೆ ಉಳಿಯುತ್ತಿರಲಿಲ್ಲ.

ಬಯಲುಸೀಮೆಯಲ್ಲಿ ಇಂತಹ ಸಮೀಕ್ಷೆಗೆ ಇರುವ ಮಹತ್ತ್ವವನ್ನು ಬೇರೊಂದು ನಾಡಿನ ಹೋಲಿಕೆಯಿಂದ ತಿಳಿಯಬಹುದು. ಉತ್ತರ ಯುರೋಪಿನ ಜವುಗು ಪ್ರದೇಶಗಳಲ್ಲಿ ಗಾಳಿಯಾಡದ ಕೊಳೆಮಣ್ಣಿನೊಳಗೆ ಮರ ಸಾವಿರಾರು ವರ್ಷ ಕೆಡದೆ ಉಳಿಯುತ್ತದೆ. ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ 1970ರಲ್ಲಿ ಪತ್ತೆಯಾದ ಸ್ವೀಟ್ ಟ್ರ್ಯಾಕ್ ಎಂಬ ಹಲಗೆಯ ಕಾಲುದಾರಿ ಕ್ರಿ.ಪೂ. 3807ರ ಸುಮಾರಿನದೆಂದು ಮರದ ಉಂಗುರಗಳ ಲೆಕ್ಕದಿಂದ ನಿರ್ಣಯವಾಗಿದೆ. ಅಲ್ಲಿ ಜನ ನಡೆದ ದಾರಿಯೇ ಕಣ್ಣಿಗೆ ಕಾಣುತ್ತದೆ. ತುಂಗಭದ್ರಾ ತೀರದ ಒಣನೆಲದಲ್ಲಿ ಮರದ ಕಾಲುಸೇತುವೆ, ಹರಿಗೋಲು, ಗೂಟದ ಒಡ್ಡು ಯಾವುದೂ ಹಾಗೆ ಉಳಿಯುವುದಿಲ್ಲ. ಗೆದ್ದಲು ಮತ್ತು ಮಳೆ ಅವನ್ನು ಕೆಲವೇ ವರ್ಷಗಳಲ್ಲಿ ಮುಗಿಸುತ್ತವೆ. ಹಳೆಯ ದಾರಿಗಳ ಸುಳಿವು ಇಲ್ಲಿ ಸಿಗುವುದು ಶಾಸನಗಳ ಗಡಿವಿವರಣೆಯಲ್ಲಿ. ದಾನದ ಭೂಮಿಯ ಎಲ್ಲೆಯನ್ನು ಹೇಳುವಾಗ ಹಳ್ಳ, ಹುತ್ತ, ಆಲದ ಮರ, ನೆಟ್ಟ ಕಲ್ಲು ಇವುಗಳ ನಡುವೆ ಬಟ್ಟೆ, ಹೆಬ್ಬಟ್ಟೆ ಎಂಬ ಮಾತುಗಳೂ ಬರುತ್ತವೆ. ಬಟ್ಟೆ ಎಂದರೆ ಹಳಗನ್ನಡದಲ್ಲಿ ದಾರಿ. ಆ ದಾರಿಗಳಲ್ಲಿ ಸಾಗಿದ ಸರಕಿಗೆ ತೆತ್ತ ಹೆಜ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳೂ ಶಾಸನಗಳಲ್ಲೇ ಉಳಿದಿವೆ. ಕಲ್ಲು ಒಡೆದುಹೋದರೆ ಈ ನಾಡಿನಲ್ಲಿ ದಾರಿಯ ನೆನಪೂ ಹೋಗುತ್ತದೆ.

ದಾವಣಗೆರೆ ಮತ್ತು ಹರಿಹರದ ಶಾಸನಗಳು

ರೈಸ್ ಅವರ ಕಾಲದಲ್ಲಿ ದಾವಣಗೆರೆಯು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿದ್ದು, ಹರಿಹರವು ಅದಕ್ಕೆ ಸೇರಿತ್ತು. ಆದ್ದರಿಂದ 1903ರಲ್ಲಿ ಪ್ರಕಟವಾದ 11ನೆಯ ಸಂಪುಟದಲ್ಲಿ ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳಡಿ ಸಿಗುತ್ತವೆ. ಹೊನ್ನಾಳಿ ಮತ್ತು ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದುದರಿಂದ ಅಲ್ಲಿನ ಶಾಸನಗಳು 1902ರ 7ನೆಯ ಸಂಪುಟದಲ್ಲಿವೆ. 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಯ ಶಾಸನಗಳನ್ನು ಹುಡುಕುವವರು ಹೀಗೆ ಎರಡು ಸಂಪುಟಗಳನ್ನು ನೋಡಬೇಕಾಗುತ್ತದೆ.

ಹರಿಹರವು ತುಂಗಭದ್ರಾ ಮತ್ತು ಹರಿದ್ರಾ ನದಿಗಳು ಕೂಡುವ ಸ್ಥಳ. ಕೂಡಲೂರು ಎಂಬ ಹಳೆಯ ಹೆಸರು ಬಂದದ್ದು ಇದರಿಂದಲೇ. ಶಿವ ಮತ್ತು ವಿಷ್ಣು ಒಂದೇ ವಿಗ್ರಹದಲ್ಲಿರುವ ಹರಿಹರೇಶ್ವರನ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನೆಂಬುದು ದಾವಣಗೆರೆ 25ನೆಯ ಶಾಸನದಿಂದ ತಿಳಿಯುತ್ತದೆ. ಮುಮ್ಮಡಿ ನರಸಿಂಹನ ಕಾಲದಲ್ಲಿ, 1268ರಲ್ಲಿ, ಸೋಮನಾಥಪುರದ ಸ್ಥಾಪಕನಾದ ಸೋಮ ದಂಡನಾಯಕನು ಅದಕ್ಕೆ ಸೇರ್ಪಡೆಗಳನ್ನು ಮಾಡಿಸಿದನು. ದೇವಾಲಯದ ಆವರಣದಲ್ಲಿ ಎತ್ತರದ ಶಿಲಾಫಲಕಗಳ ಮೇಲಿರುವ ಶಾಸನಗಳು ಹೊಯ್ಸಳರಿಂದ ವಿಜಯನಗರದವರೆಗಿನ ಕಾಲವನ್ನು ವ್ಯಾಪಿಸಿವೆ.

ಇವುಗಳಲ್ಲಿ ಹರಿದ್ರಾ ನದಿಯ ಅಣೆಕಟ್ಟಿಗೆ ಸಂಬಂಧಿಸಿದ ಎರಡು ಶಾಸನಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. 1410ರ ಶಾಸನವು ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿ ಕಾಲುವೆ ತೆಗೆದ ವಿಷಯವನ್ನೂ, ಆ ನೀರಿನಿಂದ ಸಾಗುವಳಿಯಾಗುವ ಭೂಮಿಯ ಪ್ರಯೋಜನವನ್ನು ಹರಿಹರ ದೇವರಿಗೂ ಬ್ರಾಹ್ಮಣರಿಗೂ ಹಂಚಿದ ಕರಾರನ್ನೂ ದಾಖಲಿಸುತ್ತದೆ. ಅನಂತರ ಒಡ್ಡು ಒಡೆದುಹೋಯಿತು. 1424ರಲ್ಲಿ, ದೇವರಾಯನ ಸೇನಾನಿಯೊಬ್ಬನ ನೆರವಿನಿಂದ ಅದನ್ನು ಮತ್ತೆ ಕಟ್ಟಲಾಯಿತೆಂದು ಎರಡನೆಯ ಶಾಸನ ಹೇಳುತ್ತದೆ. ಒಂದೇ ನೀರಾವರಿ ಕಾಮಗಾರಿಯ ಆರಂಭ, ನಾಶ ಮತ್ತು ದುರಸ್ತಿಯನ್ನು 14 ವರ್ಷಗಳ ಅಂತರದಲ್ಲಿ ಹೀಗೆ ತಾರೀಖು ಸಹಿತ ಹಿಂಬಾಲಿಸಲು ಸಾಧ್ಯವಾಗುವ ಸಂದರ್ಭಗಳು ವಿರಳ. ನೀರಾವರಿಯ ಇತಿಹಾಸಕಾರರು ಈ ಜೋಡಿಯನ್ನು ಮತ್ತೆ ಮತ್ತೆ ಬಳಸಿಕೊಂಡಿದ್ದಾರೆ.

ದಾವಣಗೆರೆ ತಾಲ್ಲೂಕಿನ ಆಣಜಿಯ ಶಾಸನ (ದಾವಣಗೆರೆ 161) ಇನ್ನೂ ಪ್ರಾಚೀನವಾದುದು. ಸಂಸ್ಕೃತದಲ್ಲಿರುವ ಈ ಚಿಕ್ಕ ಶಾಸನದಲ್ಲಿ ನಣಕ್ಕಾಸ ಪಲ್ಲವನಿಗೂ ಕೃಷ್ಣವರ್ಮನಿಗೂ ನಡೆದ ಯುದ್ಧದ ಉಲ್ಲೇಖವಿದೆ. ಯುದ್ಧದಲ್ಲಿ ಕೃಷ್ಣವರ್ಮನ ಸೈನ್ಯ ನಾಶವಾಯಿತು. ಕೇಕಯ ವಂಶದ ಶಿವನಂದವರ್ಮನು ವಿರಕ್ತನಾಗಿ ದರ್ಭೆಯ ಹಾಸಿಗೆಯ ಮೇಲೆ ಮಲಗಿ ಪ್ರಾಣ ಬಿಟ್ಟನು. ಕದಂಬರ ಕುಲದ ಕಿರಿಯ ಶಾಖೆಯ ಮೇಲೆ ಪಲ್ಲವರಿಂದ ಬಂದ ಆಪತ್ತಿಗೆ ಇದು ಪ್ರಮುಖ ಆಧಾರ. ಕದಂಬರ ವಂಶಾವಳಿಯನ್ನು ಚರ್ಚಿಸುವ ಯಾವ ಗ್ರಂಥವೂ ಆಣಜಿಯನ್ನು ಬಿಟ್ಟು ಮುಂದೆ ಹೋಗಲಾರದು.

ಉಚ್ಚಂಗಿಯ ಪಾಂಡ್ಯರು ನೊಳಂಬವಾಡಿಯನ್ನು ಆಳಿದುದು ಮತ್ತು ದಾವಣಗೆರೆಗೆ ಸಮೀಪದ ಬೇತೂರು ಸೇವುಣರ ಕಾಲದಲ್ಲಿ ಆಡಳಿತ ಕೇಂದ್ರವಾಗಿದ್ದುದು ಕೂಡ ಈ ಸಂಪುಟದ ಸಾಮಗ್ರಿಯಿಂದ ಸ್ಪಷ್ಟವಾಯಿತು. ಇಂದು ಬೇತೂರನ್ನು ನೋಡಿದವರಿಗೆ ಅದು ಊಹೆಗೂ ಬಾರದ ಸಂಗತಿ.

ಅಶೋಕನ ಶಾಸನಗಳು

ರೈಸ್ ಅವರ ಅತ್ಯಂತ ಪ್ರಸಿದ್ಧ ಶೋಧ ನಡೆದದ್ದು 1892ರಲ್ಲಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅವರು ಅಶೋಕನ ಕಿರುಶಿಲಾಶಾಸನಗಳನ್ನು ಪತ್ತೆಹಚ್ಚಿದರು. ಮೌರ್ಯರ ಅಧಿಕಾರ ಮೈಸೂರಿನ ಉತ್ತರ ಭಾಗದವರೆಗೆ ಹಬ್ಬಿತ್ತೆಂಬುದಕ್ಕೆ ಇವು ನೇರ ಸಾಕ್ಷ್ಯ ಒದಗಿಸಿದವು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆದೇಶ ಇದು. ಬರೆದವನು ಚಪಡ ಎಂಬ ಲಿಪಿಕಾರ. ಅವನು ಕೊನೆಯಲ್ಲಿ ತನ್ನ ವೃತ್ತಿಯ ಹೆಸರನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಜರ್ಮನ್ ಭಾಷಾ ವಿದ್ವಾಂಸ ಬ್ಯೂಲರ್ ಈ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಸಂಪಾದಿಸಿದ ಮೇಲೆ ಅವುಗಳಿಗೆ ಅಂತರರಾಷ್ಟ್ರೀಯ ಗಮನ ದೊರೆಯಿತು.

ಪ್ರಾಚೀನ ಕಾವ್ಯಗಳ ಪ್ರಕಟಣೆ

ಶಾಸನಗಳ ಜೊತೆಯಲ್ಲೇ ರೈಸ್ ಓಲೆಗರಿ ಗ್ರಂಥಗಳ ಪ್ರಕಟಣೆಗೂ ಕೈಹಾಕಿದರು. ಬಿಬ್ಲಿಯೊಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣ 1884ರಲ್ಲಿ, ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನ 1890ರಲ್ಲಿ ಬಂದವು. 1898ರಲ್ಲಿ ಪಂಪಭಾರತವೂ ಕೆ. ಬಿ. ಪಾಠಕ್ ಅವರು ಸಂಪಾದಿಸಿದ ಕವಿರಾಜಮಾರ್ಗವೂ ಅಚ್ಚಾದವು. ಕನ್ನಡ ಸಾಹಿತ್ಯದ ಪ್ರಾಚೀನತೆಯ ಬಗೆಗಿನ ತಿಳಿವಳಿಕೆ ಬದಲಾದದ್ದು ಈ ಮುದ್ರಣಗಳ ನಂತರ. ಕವಿಗಳ ಕಾಲವನ್ನು ನಿರ್ಣಯಿಸಲು ಶಾಸನಗಳನ್ನು ಬಳಸುವ ಕ್ರಮವೂ ಇಲ್ಲಿಂದ ಬೇರೂರಿತು.

ಸಹಾಯಕರು ಮತ್ತು ವಿಮರ್ಶೆ

ಎಪಿಗ್ರಾಫಿಯಾ ಕರ್ನಾಟಿಕಾ ಒಬ್ಬರ ಹೆಸರಿನಲ್ಲಿ ಬಂದಿದ್ದರೂ ಒಬ್ಬರ ಕೆಲಸವಲ್ಲ. ಊರೂರು ಅಲೆದು ಅಚ್ಚು ತೆಗೆದವರು, ಪಾಠ ಓದಿದ ಪಂಡಿತರು ಇಲಾಖೆಯ ನೌಕರರಾಗಿದ್ದರು. ಅವರಲ್ಲಿ ಹೆಚ್ಚಿನವರ ಹೆಸರು ಸಾಮಾನ್ಯ ಓದುಗರಿಗೆ ತಲುಪಲಿಲ್ಲ. 1899ರಲ್ಲಿ ಸಹಾಯಕರಾಗಿ ಸೇರಿದ ಆರ್. ನರಸಿಂಹಾಚಾರ್ ಇದಕ್ಕೆ ಅಪವಾದ. ಕರ್ಣಾಟಕ ಕವಿಚರಿತೆಯ ಕರ್ತೃವಾದ ಅವರು 1906ರಲ್ಲಿ ರೈಸ್ ಅವರ ನಂತರ ಇಲಾಖೆಯ ಮುಖ್ಯಸ್ಥರಾದರು.

ರೈಸ್ ಅವರ ನಿರ್ಣಯಗಳು ಅವರ ಕಾಲದಲ್ಲೇ ತೀವ್ರ ಟೀಕೆಗೆ ಒಳಗಾದವು. ಮುಂಬಯಿ ಪ್ರಾಂತದ ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ವಾದಿಸಿದರು. ರೈಸ್ ಅವುಗಳನ್ನು ಸಮರ್ಥಿಸಿದರು. ಚಂದ್ರಗುಪ್ತ ಮೌರ್ಯನು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬ ಜೈನ ಪರಂಪರೆಯ ವಿಷಯದಲ್ಲೂ ಇಬ್ಬರ ನಡುವೆ ಭಿನ್ನಾಭಿಪ್ರಾಯವಿತ್ತು. ತಾಮ್ರಪಟಗಳ ಪ್ರಶ್ನೆಯಲ್ಲಿ ಫ್ಲೀಟ್ ಅವರ ಎಚ್ಚರಿಕೆ ಅನಗತ್ಯವಾಗಿರಲಿಲ್ಲ. ಆದರೆ ಗಂಗರ ಆರಂಭಕಾಲದ ಇತಿಹಾಸವನ್ನೇ ತಳ್ಳಿಹಾಕುವಷ್ಟು ದೂರ ಹೋಗಬೇಕಾಗಿರಲಿಲ್ಲವೆಂಬುದು ಮುಂದಿನ ವಿದ್ವಾಂಸರ ಒಲವು.

ಪಾಠಗಳಲ್ಲಿ ತಪ್ಪು ಓದುಗಳಿರುವುದು, ಸಮೀಕ್ಷೆ ಅಪೂರ್ಣವಾಗಿರುವುದು ಇನ್ನೊಂದು ಆಕ್ಷೇಪ. ಶ್ರವಣಬೆಳಗೊಳದ ಮೊದಲ ಸಂಪುಟದಲ್ಲಿ 144 ಶಾಸನಗಳಿದ್ದರೆ, ನರಸಿಂಹಾಚಾರ್ ಅವರ 1923ರ ಪರಿಷ್ಕೃತ ಆವೃತ್ತಿಯಲ್ಲಿ 500 ಶಾಸನಗಳಿವೆ. ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ, ಎಂ. ಎಚ್. ಕೃಷ್ಣ ಅವರಿಂದ. ಕದಂಬ ರವಿವರ್ಮನ ದಾವಣಗೆರೆ ತಾಮ್ರಪಟಗಳೂ ರೈಸ್ ಅವರ ಸಂಪುಟಕ್ಕೆ ಸೇರಿದವಲ್ಲ. ಇಡೀ ಸಂಸ್ಥಾನವನ್ನು ಎರಡು ದಶಕಗಳಲ್ಲಿ ಒಮ್ಮೆ ಸುತ್ತಿ ಮುಗಿಸಬೇಕೆಂಬ ಅವಸರಕ್ಕೆ ತೆತ್ತ ಬೆಲೆ ಇದು. ಅವಸರ ಮಾಡದಿದ್ದರೆ ಅಷ್ಟರಲ್ಲಿ ಕಳೆದುಹೋಗುತ್ತಿದ್ದ ಕಲ್ಲುಗಳೂ ಇದ್ದವು. ಇಂದು ಮೂಲ ಸಿಗದ ಶಾಸನಗಳಿಗೆ ರೈಸ್ ಅವರ ಪಾಠವನ್ನೇ ತಪ್ಪೊಪ್ಪುಗಳೊಡನೆ ಅವಲಂಬಿಸಬೇಕಾಗಿದೆ.

ನಿವೃತ್ತಿ ಮತ್ತು ನಿಧನ

1884ರಲ್ಲಿ ಸಿ.ಐ.ಇ. ಪದವಿ ಪಡೆದಿದ್ದ ರೈಸ್ 1906ರಲ್ಲಿ ಸೇವೆಯಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಸಂಪುಟಗಳ ಸಾರವನ್ನು ಒಟ್ಟುಗೂಡಿಸಿ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಶಾಸನಗಳ ಆಧಾರದಿಂದ ನಿರೂಪಿಸುವ ಗ್ರಂಥವನ್ನು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ರಾಜವಂಶಗಳ ಚರಿತ್ರೆಯ ಜೊತೆಗೆ ಆಡಳಿತ, ಧರ್ಮ, ಸಮಾಜದ ಸಂಗತಿಗಳನ್ನೂ ಅದರಲ್ಲಿ ಕ್ರೋಡೀಕರಿಸಲಾಗಿದೆ. 1927ರ ಜುಲೈ 10ರಂದು, 90 ವರ್ಷ ತುಂಬಲು ಒಂದು ವಾರವಿರುವಾಗ, ಅವರು ಹ್ಯಾರೋ ಎಂಬಲ್ಲಿ ನಿಧನರಾದರು.

ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಸಂಪುಟಗಳನ್ನು ಪ್ರಕಟಿಸತೊಡಗಿತು. ಕೊಡಗಿನ ಸಂಪುಟ ಮೊದಲು ಬಂತು. ಹೊಸದಾಗಿ ದೊರೆತ ಶಾಸನಗಳನ್ನು ಸೇರಿಸಿ, ಹಳೆಯ ಪಾಠಗಳನ್ನು ತಿದ್ದಿರುವ ಈ ಆವೃತ್ತಿಯಲ್ಲಿ ಶಾಸನಗಳ ಸಂಖ್ಯೆ ಬದಲಾಗಿರುವುದರಿಂದ, ಸಂಶೋಧಕರು ರೈಸ್ ಅವರ ಹಳೆಯ ಸಂಖ್ಯೆಯನ್ನೂ ಜೊತೆಯಲ್ಲಿ ನಮೂದಿಸುವ ರೂಢಿಯಿದೆ. ಆಣಜಿಯ ಕಲ್ಲಿಗೆ ದಾವಣಗೆರೆ 161 ಎಂಬ ಗುರುತು ಇನ್ನೂ ಬಳಕೆಯಲ್ಲಿದೆ.